ಲಾರಿ ಮೇಲೆ ಕೂತ ಚೆಕಿಂಗಿನವರು

ಮದ್ದೂರಿನ ಲೇತ್ ಶೆಡ್ಡೊಂದರಲ್ಲಿ ನಾನು ಪಂಪಿನ ಪಿನ್ನುಗಳನ್ನು ಡಬ್ಬಕ್ಕೆ ತುಂಬುತ್ತಿದ್ದಾಗ ಅಲ್ಲೊಬ್ಬರು ಚೆಕಿಂಗಿನವರಿದ್ದರು. ಮಿಷಿನ್ನು ದಿನಕ್ಕೆ ಸಾವಿರಾರು ಪಿನ್ನು ಉದುರಿಸುತ್ತಿತ್ತು. ಅವರು ಐವತ್ತಕ್ಕೊಂದನ್ನು ಎತ್ತಿ, ಒರೆಸಿ, ಅಳತೆಯ ಉಕ್ಕಿನ ಉಂಗುರದೊಳಗೆ ತೂರಿಸಿ ನೋಡುವರು. ಹೆಣ್ಣು ನೋಡಲು ಬಂದವರೂ ಅಷ್ಟು ನೋಡುವುದಿಲ್ಲ. ನಾವು ಅವಸರ ಮಾಡಿದರೆ ಒಂದೇ ಮಾತು: “ತಡೀರವ್ವ, ಅಳ್ತೆ ಆಗ್ಲಿ.”

ಒಂದು ದಿನ ಅವರು ಊಟಕ್ಕೆ ಹೋದದ್ದೇ ತಡ, ಓನರ್ರು ಚೆಕಿಂಗಿಲ್ಲದೆ ಡಬ್ಬ ಕಟ್ಟಿಸಿ ಲಾರಿಗೆ ಹೇರಿಸಿದರು. ಚೆಕಿಂಗಿನವರು ಬಂದು ಡಬ್ಬ ಬಿಚ್ಚಿ ನೋಡಿದರೆ ಪಿನ್ನು ಉಂಗುರದ ಬಾಯಲ್ಲೇ ನಿಂತಿತು. ಪಿನ್ನು ಕಡೆಯುವ ಟೂಲು ಸವೆದು ಪಿನ್ನು ದಪ್ಪವಾಗಿತ್ತು.

“ಕೂದ್ಲೆಳೆ ಜಾಸ್ತಿ ಆದ್ರೆ ಯಾವನ್ಲಾ ನೋಡ್ತಾನೆ?” ಎಂದರು ಓನರ್ರು.

“ಪಂಪು ನೋಡ್ತದೆ ಸಾ.”

“ಅಂಗಾರೆ ನಾಳಿಂದ ಪಂಪಿನ್ ತಾವೇ ಕೆಲ್ಸ ಕೇಳ್ಕೊ, ಓಗು.”

ಅವರು ಹೋಗಲಿಲ್ಲ. ಲಾರಿ ಹತ್ತಿ ಡಬ್ಬಗಳ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು.

“ಅಜ್ಜಿ, ಇವ್ನಿಗೆ ನೀನಾರ ಹೇಳು ಇಳಿಯಕ್ಕೆ,” ಎಂದು ಓನರ್ರು ಶೆಡ್ಡಿಗೆಲ್ಲ ಹಿರಿಯಳಾದ ನನ್ನ ಕಡೆ ತಿರುಗಿದರು.

“ಮೊದ್ಲು ನೀವೇ ಒಂದ್ ಪಿನ್ನು ತೂರ್ಸಿ ತೋರ್ಸಿ ಬುದ್ದಿ, ಆಮೇಕೆ ಹೇಳ್ತೀನಿ,” ಎಂದು ಉಂಗುರ ಕೊಟ್ಟೆ.

ಓನರ್ರು ಒತ್ತಿದರು. ಹೆಬ್ಬೆರಳು ಕೆಂಪಾಯಿತು, ಪಿನ್ನು ಕದಲಲಿಲ್ಲ. ಡಬ್ಬಗಳು ಇಳಿದವು, ಚೆಕಿಂಗಿನವರ ಕೆಲಸ ಉಳಿಯಿತು.

ಮುಂದಿನ ವಾರ ಗೋಡೆಗೆ ‘ಗುಣಮಟ್ಟವೇ ನಮ್ಮ ದೇವರು’ ಎಂಬ ಬೋರ್ಡು ಬಂತು. ಅದರಡಿ ಓನರ್ರು ಉಂಗುರ ಹಿಡಿದು ಫೋಟೊಗೆ ನಿಂತರು. ಚೆಕಿಂಗಿನವರು ಅಡ್ಡ ಬರುತ್ತಾರೆಂದು ಪಕ್ಕಕ್ಕೆ ಸರಿಸಿದರು. ಅವರು ಸರಿದು ನಿಂತು ಕೈ ಚಾಚಿದರು.

“ಪೋಟೊ ಆದ್ರೆ ಉಂಗ್ರ ಕೊಡಿ ಸಾ. ಐವತ್ತು ಪಿನ್ನಾಯ್ತು.”