ಕೆರೆಯಣ್ಣ ಕೆರೆ ನೋಡಿದ ದಿನ

ಬೆಳಗಿನ ಏಳೂಕಾಲರ ಬಸ್ಸನ್ನು ಬೆಟ್ಟದ ಬುಡಕ್ಕೆ ಒಯ್ಯುವ ಡ್ರೈವರನ್ನು ಡಿಪೋದಲ್ಲಿ ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಎಲ್ಲರ ಬಾಯಲ್ಲೂ ಅವನು ಕೆರೆಯಣ್ಣ. ಬೆಟ್ಟದ ಮೇಲೊಂದು ಕೆರೆ, ಅಲ್ಲಿಂದ ಇನ್ನೂ ಕಾಲು ಗಂಟೆ ಹತ್ತಿದರೆ ಸುತ್ತ ಕಂಬಿ ಹಾಕಿದ ವ್ಯೂ ಪಾಯಿಂಟು. ಬಸ್ಸು ನಿಲ್ಲುವ ಬಯಲಿನಿಂದ ಕೆರೆಗೆ ಒಂದು ಗಂಟೆಯ ಕಾಲುದಾರಿ. ಎಂಟೂವರೆಗೆ ಜನರನ್ನು ಇಳಿಸಿ, ಹನ್ನೆರಡೂವರೆಗೆ ಮತ್ತೆ ಹತ್ತಿಸಿಕೊಂಡು ಹೊರಡುವುದು ಅವನ ಕೆಲಸ. ಹತ್ತೊಂಬತ್ತು ವರ್ಷದಿಂದ ಅದೇ ಬಸ್ಸು, ಅದೇ ಬಯಲು.

ಇಳಿಯುವವರಿಗೆಲ್ಲ ಅವನು ದಾರಿ ಹೇಳಿಕೊಡುತ್ತಿದ್ದ. ಸೀಟಿನಲ್ಲಿ ಅರ್ಧ ತಿರುಗಿ, ಸ್ಟೀರಿಂಗಿನ ಮೇಲೆ ಒಂದು ಕೈ ಇಟ್ಟುಕೊಂಡು ಶುರು ಮಾಡಿದನೆಂದರೆ ಕೇಳುವವರಿಗೆ ಕಣ್ಣಿಗೆ ಕಟ್ಟಬೇಕು. "ಮೊದಲರ್ಧ ನೆರಳಿದೆ, ಹೆದರಬೇಡಿ. ಮೂರನೇ ತಿರುವಲ್ಲಿ ಒಂದು ಚಪ್ಪಟೆ ಬಂಡೆ ಸಿಗುತ್ತೆ, ಅಲ್ಲಿ ಕೂತು ನೀರು ಕುಡೀರಿ. ಕೆರೆ ಕಾಣೋಕೆ ಮುಂಚೆ ಗಾಳಿ ಬರುತ್ತೆ, ಟೋಪಿ ಹಿಡ್ಕೊಳ್ಳಿ. ನೀರು ಬೆಳಿಗ್ಗೆ ಒಂದು ಬಣ್ಣ, ಹತ್ತು ಗಂಟೆ ಮೇಲೆ ಇನ್ನೊಂದು ಬಣ್ಣ!" ಜನ ಮೈಯೆಲ್ಲ ಕಿವಿಯಾಗಿ ಕೇಳಿ, ಕೈ ಮುಗಿದು ಇಳಿದುಹೋಗುತ್ತಿದ್ದರು.

ಅವನು ಮಾತ್ರ ಒಂದು ಸಲವೂ ಆ ಕೆರೆಯನ್ನು ನೋಡಿರಲಿಲ್ಲ.

ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಆ ರೂಟಿಗೆ ಬಂದ ಮೊದಲ ವಾರ ಯಾರೋ ಹೆಂಗಸು, "ಮೇಲೆ ತುಂಬಾ ಕಷ್ಟಾನಾ ಡ್ರೈವರೇ?" ಎಂದು ಕೇಳಿದ್ದಳು. ಹಿಂದಿನ ದಿನ ಇಳಿದು ಬಂದವರು ಮಾತಾಡಿಕೊಂಡದ್ದು ಕಿವಿಗೆ ಬಿದ್ದಿತ್ತು. ಅದನ್ನೇ ಹೇಳಿದ. "ಹಾಗಾದ್ರೆ ನೀವು ಹೋಗಿದ್ದೀರಾ" ಎಂದಳು. ಹೂಂ ಎಂದುಬಿಟ್ಟ. ಅಷ್ಟೇ. ಅಲ್ಲಿಂದ ಮುಂದೆ ಕನ್ನಡಿಯಲ್ಲಿ ಕಣ್ಣು, ಹಿಂದಿನ ಸೀಟಿನಲ್ಲಿ ಕಿವಿ. ಇಳಿದು ಬಂದವರ ಒಂದೊಂದು ಮಾತನ್ನೂ ಹೆಕ್ಕಿ, ಮಾರನೇ ದಿನ ಹತ್ತುವವರಿಗೆ ಬಡಿಸುವುದು ರೂಢಿಯಾಯಿತು.

ಒಂದು ದಿನ ಹೋಗಿ ನೋಡಿ ಬಂದಿದ್ದರೆ ಮುಗಿಯುತ್ತಿತ್ತು. ಮೊದಮೊದಲು ಬಸ್ಸು ಬಿಟ್ಟು ಹೋಗಬಾರದೆಂಬ ನಿಯಮ ಅಡ್ಡಬಂತು. ಆಮೇಲೆ ಹೊಟ್ಟೆ ಬಂತು, ಮಂಡಿ ನೋವು ಬಂತು. ನಿಜ ಹೇಳಬೇಕೆಂದರೆ ಇವೆಲ್ಲ ನೆಪ. ನೂರಾರು ಸಲ ಹೋಗಿದ್ದೇನೆಂದು ಹೇಳಿಕೊಂಡವನು ದಾರಿ ತಪ್ಪಿ ತಡವರಿಸುವುದನ್ನು ಯಾರಾದರೂ ಕಂಡರೆ? ಹೆಂಡತಿಗೂ ಅವನು ನಿಜ ಹೇಳಿರಲಿಲ್ಲ. "ದಿನಾ ನೋಡ್ತೀರಲ್ಲ, ಬೇಜಾರಾಗಲ್ವಾ?" ಎಂದು ಅವಳು ಕೇಳಿದಾಗಲೆಲ್ಲ ಚಪ್ಪಲಿ ಹುಡುಕುವವನಂತೆ ಬಗ್ಗುತ್ತಿದ್ದ.

ಆ ದಿನ ಬಸ್ಸಿನಲ್ಲಿ ಹದಿನೇಳು ಜನ. ರಜೆ ಹಾಕಿ ಬಂದ ನಾಲ್ವರು ನರ್ಸುಗಳು ಹಿಂದಿನ ಸೀಟಿನಲ್ಲಿ ನಗುತ್ತಾ ಕೂತಿದ್ದರು. ಡ್ರೈವರನ ಬೆನ್ನ ಹಿಂದೆಯೇ ಒಬ್ಬ ಅಜ್ಜ, ಒಂಟಿ. ಎಪ್ಪತ್ತು ದಾಟಿದ, ತೆಳ್ಳಗಿನ ಮೈ, ಇಸ್ತ್ರಿ ಮಾಡಿದ ಅಂಗಿ, ಹೆಗಲಿಗೊಂದು ಬಟ್ಟೆಯ ಚೀಲ. ಐವತ್ತು ವರ್ಷ ಗಡಿಯಾರ ರಿಪೇರಿ ಮಾಡಿದವರಂತೆ. ಅಂಗಡಿ ಮುಚ್ಚಿ ಎರಡು ತಿಂಗಳಾಗಿತ್ತು.

"ದಾರಿ ಎರಡಾಗಿ ಒಡೆಯುತ್ತಂತೆ. ಯಾವುದು ಹಿಡೀಲಿ?" ಎಂದು ಅಜ್ಜ ಕೇಳಿದರು.

"ಎಡಗಡೆದು ಹಿಡೀರಿ ಅಜ್ಜಾ. ಸ್ವಲ್ಪ ಸುತ್ತು, ಆದ್ರೆ ಏರು ಕಡಿಮೆ. ನಿಮ್ಮ ವಯಸ್ಸಿಗೆ ಅದೇ ಸರಿ."

ಅಜ್ಜ ಜೇಬಿನಿಂದ ಪುಟ್ಟ ಪುಸ್ತಕ ತೆಗೆದು ಬರೆದುಕೊಂಡರು.

ಹನ್ನೆರಡೂವರೆಗೆ ಕಂಡಕ್ಟರಮ್ಮ ತಲೆ ಎಣಿಸಿದಳು. ಹದಿನಾರು. ಮತ್ತೊಮ್ಮೆ ಎಣಿಸಿದಳು. "ಆ ಅಜ್ಜ ಬಂದಿಲ್ಲ ಅಣ್ಣಾ." ಒಂದು ಗಂಟೆಯಾಯಿತು. ಹಾರ್ನ್ ಹೊಡೆದು ನೋಡಿದರು. ಯಾರೂ ಇಳಿದು ಬರಲಿಲ್ಲ. ಅಜ್ಜನನ್ನು ಮೇಲೆ ಕಂಡಿರಾ ಎಂದು ಕೇಳಿದರೆ ಒಬ್ಬರೂ ಕಂಡಿರಲಿಲ್ಲ.

"ಎಡಗಡೆ ದಾರೀಲಿ ಹೋಗಿದ್ದಾರೆ, ಅದಕ್ಕೇ ಕಂಡಿಲ್ಲ" ಎಂದ ಕೆರೆಯಣ್ಣ.

ನರ್ಸುಗಳಲ್ಲಿ ಹಿರಿಯಳು ಹುಬ್ಬು ಗಂಟಿಕ್ಕಿದಳು. "ಎಡಗಡೆದಾ? ಅದು ಹೋದ ಮಳೆಗಾಲದಲ್ಲೇ ಕುಸಿದುಹೋಗಿದೆಯಲ್ಲ! ಈಗ ಎಲ್ಲರೂ ಬಲಗಡೆಯಿಂದಾನೇ ಹೋಗೋದು. ನಿಮಗೆ ಗೊತ್ತಿರಬೇಕಲ್ಲ ಅಣ್ಣಾ?"

 ದಾರಿ ಕುಸಿದ ಮಾತನ್ನು ಯಾರೂ ಕೆರೆಯಣ್ಣನ ಕಿವಿಗೆ ಹಾಕಿರಲಿಲ್ಲ. ಎಲ್ಲ ಬಲ್ಲವನಿಗೆ ಯಾರು ತಾನೇ ಹೇಳುತ್ತಾರೆ?

"ನೀವೇ ಹೋಗ್ಬನ್ನಿ ಅಣ್ಣಾ, ದಾರಿ ನಿಮಗೆ ತಾನೇ ಚೆನ್ನಾಗಿ ಗೊತ್ತಿರೋದು. ನಾನು ಬಸ್ಸು ನೋಡ್ಕೊಂಡು ಡಿಪೋಗೆ ಫೋನ್ ಮಾಡ್ತೀನಿ" ಎಂದಳು ಕಂಡಕ್ಟರಮ್ಮ. ಹಿರಿಯ ನರ್ಸು ಬ್ಯಾಗಿನಿಂದ ಬ್ಯಾಂಡೇಜು ತೆಗೆದುಕೊಂಡು, "ನಾನು ಬಲಗಡೆಯಿಂದ ಕೆರೆಗೆ ಹೋಗ್ತೀನಿ, ನೀವು ಎಡಗಡೆಯಿಂದ ಬನ್ನಿ. ಎರಡೂ ಅಲ್ಲೇ ಸೇರುತ್ತಲ್ಲ" ಎಂದು ಆಗಲೇ ಹೊರಟುಬಿಟ್ಟಳು.

ಕೆರೆಯಣ್ಣ ನೀರಿನ ಬಾಟಲಿ ಹಿಡಿದು ಹತ್ತಿದ. ಹತ್ತೇ ನಿಮಿಷಕ್ಕೆ ಅಂಗಿ ಬೆನ್ನಿಗಂಟಿತು. ಮೂರನೇ ತಿರುವಿನಲ್ಲಿ ಚಪ್ಪಟೆ ಬಂಡೆ ಇರಲಿಲ್ಲ. ನೆರಳೂ ಅರ್ಧದವರೆಗೆ ಬರಲಿಲ್ಲ; ಕಾಲುಭಾಗಕ್ಕೇ ಮರಗಳು ಮುಗಿದು ಬಿಸಿಲು ನೆತ್ತಿ ಸುಟ್ಟಿತು. ಒಂದು ಬಾಯಿಂದ ಇನ್ನೊಂದು ಬಾಯಿಗೆ ದಾಟುವಾಗ ಎಷ್ಟು ಅದಲುಬದಲಾಗಿತ್ತೋ! ದಾರಿ ಒಡೆಯುವಲ್ಲಿ ಎಡಗಡೆಗೆ ಯಾರೋ ಅಡ್ಡ ಎಳೆದಿದ್ದ ಮುಳ್ಳಿನ ಕೊಂಬೆ ಒಣಗಿ ಪಕ್ಕಕ್ಕೆ ಬಿದ್ದಿತ್ತು. ಗೊತ್ತಿಲ್ಲದವರಿಗೆ ಅದು ಬರೀ ಕಸ.

ಮುಂದೆ ಒಂದು ಕಡೆ ದಾರಿಯೇ ಇಲ್ಲ. ಬೆಟ್ಟದ ಮೈ ಕಿತ್ತು ಇಳಿದುಹೋಗಿ, ಸಡಿಲ ಮಣ್ಣಿನ ಮೇಲೆ ಒಂದು ಅಡಿ ಅಗಲದ ಗೆರೆ ಮಾತ್ರ ಉಳಿದಿತ್ತು. ಅದರ ಮೇಲೆ ಜಾರಿದ ಚಪ್ಪಲಿಯ ಗುರುತು.  "ಅಜ್ಜಾ!" ಎಂದು ಕೂಗಿದ.

"ಇಲ್ಲಿದ್ದೀನಪ್ಪಾ" ಎಂದಿತು ಒಂದು ದನಿ, ಆಚೆ ಕಡೆಯಿಂದ.

ಕೂತು, ತೆವಳಿ, ಹುಲ್ಲು ಹಿಡಿದು ಕೆರೆಯಣ್ಣ ಆ ಗೆರೆಯನ್ನು ದಾಟಿದ. ಆಚೆಗೆ ಒಂದು ಪೊದೆಯ ನೆರಳಲ್ಲಿ ಅಜ್ಜ ಕೂತಿದ್ದರು. ಎಡಗಾಲಿನ ಹರಡು ಊದಿ ಬನ್ನಿನಂತಾಗಿತ್ತು. ಮುಖ ಬಿಳಿಚಿಕೊಂಡಿದ್ದರೂ ಕಣ್ಣುಗಳು ಚುರುಕಾಗಿದ್ದವು. ಬಾಟಲಿಯ ನೀರನ್ನು ಅರ್ಧ ಕುಡಿದು, ಬಾಯಿ ಒರೆಸಿಕೊಂಡು ಅವರು ಹೇಳಿದ ಮೊದಲ ಮಾತು ಇದು: "ಚಪ್ಪಟೆ ಬಂಡೆ ಇರೋದು ಐದನೇ ತಿರುವಲ್ಲಿ. ನೀವು ಮೂರನೇದು ಅಂದ್ರಿ. ನಾನು ಎಣಿಸ್ಕೊಂಡೇ ಬಂದೆ."

ಕೆರೆಯಣ್ಣ ಏನೋ ಒಂದು ನೆಪ ಹೇಳಬಹುದಿತ್ತು, ನಾಲಿಗೆಯ ತುದಿಗೂ ಬಂದಿತ್ತು. ಆದರೆ ಆ ಊದಿದ ಕಾಲು ಕಣ್ಣೆದುರೇ ಇತ್ತು.

"ಅಜ್ಜಾ, ನಾನು ಈ ದಾರೀಲಿ ಯಾವತ್ತೂ ಬಂದಿಲ್ಲ. ಇದೇ ಮೊದಲು. ಅವರಿವರು ಹೇಳಿದ್ದನ್ನ ಕೇಳಿ ಹೇಳ್ತಿದ್ದೆ."

 "ಅಂದ್ರೆ ನಿಮ್ಮನ್ನ ನಂಬಿ ನಾನು ಬಿದ್ದೆ" ಎಂದರು ಅಜ್ಜ. ದನಿ ಏರಲಿಲ್ಲ. ಏರಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

"ಹೌದು ಅಜ್ಜಾ."

"ಮೂರ್ನಾಲ್ಕು ಗಂಟೆ ಹೊತ್ತಿಂದ ಇಲ್ಲೇ ಕೂತಿದ್ದೀನಿ. ಸೊಸೆಗೆ ಏನು ಹೇಳ್ಲಿ ಅಂತ ಯೋಚನೆ ಮಾಡ್ತಾ. ಅವಳು ಬೇಡ ಅಂದಿದ್ಳು." ಅವರು ಕೈ ಚಾಚಿದರು. "ಬೈಯೋದು ಆಮೇಲೆ ಬೈತೀನಿ. ಈಗ ಎತ್ತಿ."

ಬಂದ ದಾರಿಯಲ್ಲಿ ಅವರನ್ನು ವಾಪಸು ದಾಟಿಸುವ ಮಾತೇ ಇರಲಿಲ್ಲ. ಕೆರೆಯ ಕಡೆಗೇ ಹೋಗಬೇಕು. ಅಜ್ಜನ ತೋಳನ್ನು ತನ್ನ ಕತ್ತಿಗೆ ಹಾಕಿಕೊಂಡು, ಹತ್ತು ಹೆಜ್ಜೆಗೊಮ್ಮೆ ನಿಂತು, ಕೆಲವು ಕಡೆ ಬೆನ್ನ ಮೇಲೆ ಹೊತ್ತು ಕೆರೆಯಣ್ಣ ನಡೆದ. ಮಂಡಿ ಕಟಕಟ ಎನ್ನುತ್ತಿತ್ತು. "ನಿಮ್ಮ ಮಂಡಿಗೆ ಎಣ್ಣೆ ಬೇಕು" ಎಂದರು ಅಜ್ಜ ಕಿವಿಯ ಹತ್ತಿರ. ಇಬ್ಬರಿಗೂ ನಗು ಬಂತು. ನಕ್ಕಿದ್ದಕ್ಕೆ ಅಜ್ಜನಿಗೆ ಕಾಲು ನೋಯಿತು.

ದಿಬ್ಬ ಹತ್ತಿದಾಗ ಗಾಳಿ ಮುಖಕ್ಕೆ ಹೊಡೆಯಿತು. ಕೆರೆ ಎದುರಿಗಿತ್ತು.

ಅವನು ಇಷ್ಟು ವರ್ಷ ಬಣ್ಣಿಸಿದ ಕೆರೆಗಿಂತ ಇದು ಚಿಕ್ಕದು. ನೀರು ನೀಲಿಯೂ ಅಲ್ಲ, ಹಸಿರೂ ಅಲ್ಲ. ದಂಡೆಯ ಹತ್ತಿರ ತಳದ ಕಲ್ಲುಗಳು ಒಂದೊಂದಾಗಿ ಎಣಿಸುವಷ್ಟು ಸ್ಪಷ್ಟ, ನಡುವೆ ಕಡುಗಪ್ಪು. ಮೋಡವೊಂದು ನೀರೊಳಗೆ ಈ ದಡದಿಂದ ಆ ದಡಕ್ಕೆ ಹೋಗುತ್ತಿತ್ತು. ಆ ನಿಶ್ಶಬ್ದದ ಬಗ್ಗೆ ಮಾತ್ರ ಹತ್ತೊಂಬತ್ತು ವರ್ಷದಲ್ಲಿ ಒಬ್ಬ ಪ್ರಯಾಣಿಕನೂ ಅವನಿಗೆ ಹೇಳಿರಲಿಲ್ಲ. 

ನರ್ಸು ದಡದಿಂದ ಓಡಿ ಬಂದಳು. ಅಜ್ಜನನ್ನು ಕೂರಿಸಿ, ಕಾಲನ್ನು ಒತ್ತಿ ನೋಡಿ, ಬ್ಯಾಂಡೇಜು ಸುತ್ತುತ್ತಾ, "ಮೂಳೆ ಬಿರುಕು ಬಿಟ್ಟಿರಬೇಕು. ನಡೆಸೋ ಹಾಗಿಲ್ಲ. ಸ್ಟ್ರೆಚರ್ ಬೇಕು" ಎಂದಳು. ಕೆರೆಯ ಹತ್ತಿರ ಫೋನಿಗೆ ಸಿಗ್ನಲ್ ಇರಲಿಲ್ಲ. ಮೇಲೆ, ವ್ಯೂ ಪಾಯಿಂಟಿನಲ್ಲಿ ಸಿಗುತ್ತದೆಂದಳು. ಕೆರೆಯಣ್ಣ ಮತ್ತೆ ಹತ್ತಿದ, ಈ ಸಲ ಕೈಯೂರಿ.

ಕಂಬಿ ಹಿಡಿದು ಉಸಿರು ತಂದುಕೊಂಡು ಕೆಳಗೆ ನೋಡಿದರೆ ಅವನ ಬಸ್ಸು. ತನ್ನ ಬಸ್ಸಿನ ನೆತ್ತಿಯನ್ನು ಅವನು ಇಷ್ಟು ಎತ್ತರದಿಂದ ನೋಡಿದ್ದೇ ಇಲ್ಲ. ಅದರ ನೆರಳಲ್ಲಿ ಜನ ಸಾಲಾಗಿ ಕೂತಿದ್ದರು. ಫೋನ್ ಮಾಡಿದ. ಕೆಳಗೆ ಒಂದು ಚುಕ್ಕೆ ಎದ್ದು ನಿಂತಿತು, ಅದು ಕಂಡಕ್ಟರಮ್ಮ.

"ಅಜ್ಜ ಸಿಕ್ಕಿದ್ರಮ್ಮಾ! ಕಾಲು ಮುರಿದಿದೆ. ಸ್ಟ್ರೆಚರ್ ಕಳಿಸು, ನಾಲ್ಕು ಜನ ಬೇಕು. ಎಡಗಡೆ ದಾರೀಲಿ ಮಾತ್ರ ಬರೋದು ಬೇಡ. ಮತ್ತೆ ಕೇಳು, ನಾನು ಇಲ್ಲಿಗೆ ಬಂದಿರೋದು ಇದೇ ಮೊದಲ ಸಲ."

"ಏನು? ಗಾಳಿ ಅಣ್ಣಾ, ಕೇಳಿಸ್ತಿಲ್ಲ."

"ನಾನು ಯಾವತ್ತೂ ಬಂದಿರಲಿಲ್ಲ!"

"ಯಾರು ಬಂದಿರಲಿಲ್ಲ?"

"ನಾನು! ನಾನು ಕೆರೆ ನೋಡೇ ಇರಲಿಲ್ಲ!" ಎಂದು ಅವನು ಕತ್ತಿನ ನರ ಉಬ್ಬುವಂತೆ ಕಿರುಚಿದ. ಕೆರೆಯ ದಡದಲ್ಲಿದ್ದ ನರ್ಸು ತಲೆಯೆತ್ತಿ ನೋಡಿದಳು. 

"ಅಯ್ಯೋ, ಅದಿರ್ಲಿ ಬಿಡಿ ಅಣ್ಣಾ" ಎಂದಳು ಕಂಡಕ್ಟರಮ್ಮ. "ಅಜ್ಜ ಏನಾದ್ರೂ ತಿಂದಿದ್ದಾರಾ? ನನ್ನ ಡಬ್ಬಿ ಕಳಿಸ್ತೀನಿ."

ಅಜ್ಜನನ್ನು ಕೆಳಗಿಳಿಸುವಾಗ ಐದು ಗಂಟೆ. ಮಾರನೇ ದಿನ ಕೆರೆಯಣ್ಣ ಡಿಪೋ ಮ್ಯಾನೇಜರ ಎದುರು ನಿಂತು ಇದ್ದದ್ದನ್ನು ಇದ್ದಹಾಗೆ ಹೇಳಿದ. ಅವರು ಬೈದರು, ತಪ್ಪೊಪ್ಪಿಗೆ ಬರೆಸಿಕೊಂಡರು. ಡಿಪೋದಲ್ಲಿ ಹುಡುಗರು ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಹೆಂಡತಿ ನಗಲಿಲ್ಲ, ಎರಡು ದಿನ ಮಾತು ಬಿಟ್ಟಳು. ವಾರದ ರಜೆಯ ದಿನ ಅವನು ಡಿಪೋದ ಇಬ್ಬರು ಹುಡುಗರನ್ನು ಕರೆದುಕೊಂಡು ಹೋಗಿ, ದಾರಿ ಒಡೆಯುವಲ್ಲಿ ಎಡಗಡೆಗೆ ಮರದ ತಡೆ ಕಟ್ಟಿ, ಹಲಗೆಯ ಮೇಲೆ ಕೆಂಪಕ್ಷರದಲ್ಲಿ 'ದಾರಿ ಕುಸಿದಿದೆ' ಎಂದು ಬರೆದು ಮೊಳೆ ಹೊಡೆದು ಬಂದ.

ಅಜ್ಜನ ಮನೆ ಮೂರನೇ ಮಹಡಿಯಲ್ಲಿ, ಲಿಫ್ಟ್ ಇಲ್ಲದ ಕಟ್ಟಡ. ಮೊದಲ ಸಲ ಹಣ್ಣು ಹಿಡಿದು ಹೋದಾಗ ಸೊಸೆ ಬಾಗಿಲು ಅರ್ಧವೇ ತೆರೆದಳು. "ನೀವೇನಾ ದಾರಿ ಹೇಳಿದವರು?" ಎಂದಳು. ಹೌದೆಂದ. "ನನ್ನ ಗಂಡ ತೀರಿಹೋಗಿ ನಾಲ್ಕು ವರ್ಷ. ಈ ಮನೇಲಿ ಇರೋದು ನಾನು, ಮಾವ, ಇಬ್ಬರೇ. ಅವರಿಗೆ ಏನಾದ್ರೂ ಆಗಿದ್ರೆ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಬಾಗಿಲು ಹಾಕಿಕೊಂಡಳು. ಅವನು ಹಣ್ಣನ್ನು ಹೊಸ್ತಿಲ ಮೇಲಿಟ್ಟು ಇಳಿದ. ಮುಂದಿನ ವಾರ ಮತ್ತೆ ಹೋದ. ಅದರ ಮುಂದಿನ ವಾರ ಒಳಗಿನಿಂದ, "ಬಿಡಮ್ಮಾ ಒಳಗೆ. ನಾನಿನ್ನೂ ಅವನಿಗೆ ಬೈಯೋದು ಬಾಕಿ ಇದೆ" ಎಂದು ಅಜ್ಜನ ದನಿ ಕೇಳಿತು.

ಅಜ್ಜ ಬೈದರು, ಕಾಲು ಗಂಟೆ, ಚೊಕ್ಕವಾಗಿ, ಒಂದು ಮಾತನ್ನೂ ಎರಡು ಸಲ ಹೇಳದೆ. ಮುಗಿದ ಮೇಲೆ ಕಿಟಕಿಯ ಬಳಿಯ ಮೇಜು ತೋರಿಸಿ, ಅಲ್ಲಿ ಬಿಚ್ಚಿಟ್ಟಿದ್ದ ಗಡಿಯಾರದ ಒಂದು ಹಲ್ಲುಚಕ್ರವನ್ನು ಹಿಡಿದುಕೊಳ್ಳಲು ಹೇಳಿದರು. ಕೆರೆಯಣ್ಣನ ದಪ್ಪ ಬೆರಳಿಗೆ ಅದು ಸಿಗಲಿಲ್ಲ.

ಪ್ಲಾಸ್ಟರ್ ತೆಗೆಸುವ ಹಿಂದಿನ ಸಂಜೆ ಅವನ ಫೋನ್ ಬಡಿದುಕೊಂಡಿತು. ಸೊಸೆ. "ನಾಳೆ ಆಸ್ಪತ್ರೆಗೆ ಹೋಗ್ಬೇಕು. ಮೂರು ಮಹಡಿ ಇಳಿಸೋಕೆ ನನ್ನೊಬ್ಬಳ ಕೈಲಾಗಲ್ಲ. ನಿಮಗೆ ರಜೆ ಸಿಗುತ್ತಾ?" ದನಿ ಇನ್ನೂ ಬಿಗಿಯಾಗಿಯೇ ಇತ್ತು.

"ಬರ್ತೀನಮ್ಮಾ" ಎಂದ.

"ಒಂಬತ್ತಕ್ಕೆ ಅಲ್ಲಿರಬೇಕು. ಎಂಟಕ್ಕೇ ಬನ್ನಿ. ತಿಂಡಿ ಇಲ್ಲೇ ಮಾಡೀರಂತೆ."