ಹದಿಮೂರು ಸಲ ಸಾಹೇಬರು ಸಿಗಲಿಲ್ಲ

ಯಾವ ಅರ್ಜಿಯಲ್ಲಾದರೂ ‘ಅನುಭವ’ ಎಂಬ ಕಾಲಂ ಕಂಡರೆ ಈಗಲೂ ನನ್ನ ಪೆನ್ನು ಅಲ್ಲೇ ನಿಂತುಬಿಡುತ್ತದೆ. ಹೆಸರು, ವಿಳಾಸ, ಹುಟ್ಟಿದ ದಿನ ಎಲ್ಲವೂ ಸರಾಗವಾಗಿ ತುಂಬುತ್ತವೆ. ಅಲ್ಲಿಗೆ ಬಂದ ಕೂಡಲೇ ಮನುಷ್ಯ ಪೆನ್ನಿನ ಕ್ಯಾಪು ಕಚ್ಚತೊಡಗುತ್ತಾನೆ. ಹಾಗೆ ಕ್ಯಾಪು ಕಚ್ಚಿದವರಿಂದಲೇ ನನ್ನ ಮನೆಯ ಒಲೆ ಉರಿಯಿತು ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಶಿವಾಜಿನಗರದ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ನನ್ನದೊಂದು ಜಾಬ್ ಟೈಪಿಂಗ್ ಅಂಗಡಿಯಿತ್ತು. ಟೈಪ್‌ರೈಟರ್ ಅಟ್ಟ ಸೇರಿ ಕಂಪ್ಯೂಟರ್ ಬಂದ ಹೊಸತು. ಬೇಸಿಗೆ ರಜೆ ಹತ್ತಿರವಾದಂತೆ ಲಾ ಕಾಲೇಜಿನ ಮಕ್ಕಳು ಸಾಲುಗಟ್ಟುತ್ತಿದ್ದರು. ದೊಡ್ಡ ವಕೀಲರ ಆಫೀಸಿನಲ್ಲಿ ಒಂದು ತಿಂಗಳು ಕೂತು ಕೆಲಸ ಕಲಿಯಲು ಅರ್ಜಿ. ಇಂಟರ್ನ್‌ಶಿಪ್ ಎಂದು ಅದರ ಹೆಸರು. ಕಲಿಯಲು ಹೊರಟವರನ್ನೇ ‘ನಿನ್ನ ಅನುಭವವೇನು’ ಎಂದು ಕೇಳುವುದು, ಈಜು ಕಲಿಯಲು ಬಂದವನಿಗೆ ಮೊದಲು ಆಚೆ ದಡ ಮುಟ್ಟಿ ಬಾ ಎಂದಂತೆ. ಅದಕ್ಕೇ ನಾನೊಂದು ಪ್ಯಾರಾ ಸಿದ್ಧಮಾಡಿಟ್ಟಿದ್ದೆ. ಹಳ್ಳಿಯೊಂದರ ಕಾನೂನು ನೆರವು ಶಿಬಿರದಲ್ಲಿ ಭಾಗವಹಿಸಿ ಜನಸಾಮಾನ್ಯರ ಸಮಸ್ಯೆಗಳನ್ನು ಆಳವಾಗಿ ಅಧ್ಯಯನ ಮಾಡಿರುತ್ತೇನೆ ಎಂದು ಸಾಗುವ, ಇಸ್ತ್ರಿ ಹಾಕಿದಂಥ ಇಂಗ್ಲಿಷು. ಯಾರು ಬಂದರೂ ಅದನ್ನೇ ಅಂಟಿಸಿ ಕಳಿಸುತ್ತಿದ್ದೆ.

ಎದುರಂಗಡಿಯ ಟೈಲರ್ ಬಾಷಾ ಭಾಯ್‌ಗೆ ಇದು ಗೊತ್ತಿತ್ತು. ಚಹಾ ಕುಡಿಯಲು ಬಂದಾಗಲೆಲ್ಲ ಚುಚ್ಚುತ್ತಿದ್ದರು.

“ಗುರು, ನಾನು ಕತ್ತಿಗೆ ಟೇಪ್ ಹಾಕ್ಕೊಂಡು ಒಬ್ಬೊಬ್ರದೂ ಅಳತೆ ತಗೋತೀನಿ. ನೀನು ನೋಡಿದ್ರೆ ಎಲ್ರಿಗೂ ಒಂದೇ ಶೇರ್ವಾನಿ ತೊಡಿಸಿ ಕಳಿಸ್ತೀಯಲ್ಲ!”

“ಎಲ್ರಿಗೂ ಸರಿಹೋಗ್ತಿದೆಯಲ್ಲ ಭಾಯ್?”

“ಹರಿಯೋವರ್ಗೂ ಸರೀನೇ.”

ನನ್ನ ಅಜ್ಜ ಹಲಸೂರಿನಲ್ಲಿ ಜನರಿಗೆ ಅರ್ಜಿ ಬರೆದುಕೊಡುತ್ತಿದ್ದವರು. ನಾಲ್ಕು ಅಕ್ಷರ, ನಾಲ್ಕು ಗಾದೆ ನನಗೆ ಬಂದದ್ದು ಅವರ ಜಗುಲಿಯಿಂದ. ಬಂದವನ ಕತೆಯನ್ನೆಲ್ಲ ಕೇಳಿ, ಒಂದು ಚಿಟಿಕೆ ನಶ್ಯ ಏರಿಸಿ, “ಸರಿ, ಈಗ ನಿಜ ಹೇಳಪ್ಪ” ಎನ್ನುತ್ತಿದ್ದರು. ಆಮೇಲೇ ಪೆನ್ನು ತೆರೆಯುವುದು. “ಅರ್ಜಿ ಮೂಸಿದ್ರೆ ಕೊಟ್ಟವನ ಬೆವರು ವಾಸನೆ ಬರಬೇಕು ಕಣೋ” ಎಂಬುದು ಅವರ ಮಾತು. ಅಜ್ಜನ ಭಾಷೆ ನನಗೆ ಬಂತು, ಮೂಗು ಬರಲಿಲ್ಲ.

ಆ ವರ್ಷ ಶರಣಮ್ಮ ಬಂದಳು. ಯಾದಗಿರಿ ಕಡೆಯವಳು, ಲಿಂಗರಾಜಪುರದ ಒಂದು ಬಾಡಿಗೆ ಕೋಣೆಯಲ್ಲಿ ವಾಸ. ಅಪ್ಪ ಗಾರೆ ಕೆಲಸ, ತಾಯಿ ಇಟ್ಟಿಗೆ ಹೊರುವ ಕೆಲಸ, ಮಗಳು ಲಾ ಕಾಲೇಜು. ಕಾರ್ಮಿಕರ ಕೇಸು ನಡೆಸುವ ಒಂದು ಆಫೀಸು ಆ ಬೇಸಿಗೆಗೆ ಒಬ್ಬರನ್ನು ಮಾತ್ರ ತೆಗೆದುಕೊಳ್ಳುವುದಿತ್ತು. ಅಲ್ಲಿ ಸಿಕ್ಕರೆ ಕಪ್ಪು ಕೋಟಿನವರ ನಡುವೆ ಒಂದು ಕುರ್ಚಿ. ಸಿಗದಿದ್ದರೆ ರಜೆಯಿಡೀ ತಾಯಿಯ ಜೊತೆ ಇಟ್ಟಿಗೆ. ತನ್ನ ಅನುಭವವನ್ನು ಕನ್ನಡದಲ್ಲಿ ಬರೆದು ತಂದಿದ್ದಳು. ನಾನು ಇಂಗ್ಲಿಷಿಗೆ ತಿರುಗಿಸಬೇಕಿತ್ತು.

‘ಹೊರಮಾವಿನಲ್ಲಿ ಕಟ್ಟಡದಿಂದ ಬಿದ್ದು ತೀರಿಕೊಂಡ ನಮ್ಮೂರಿನವರೊಬ್ಬರ ಹೆಂಡತಿಗೆ ಪರಿಹಾರದ ಅರ್ಜಿ ಬರೆದುಕೊಟ್ಟಿದ್ದೇನೆ. ಅವರನ್ನು ಕರೆದುಕೊಂಡು ಹದಿನಾಲ್ಕು ಸಲ ಕಚೇರಿಗೆ ಹೋಗಿದ್ದೇನೆ. ಹದಿಮೂರು ಸಲ ಸಾಹೇಬರು ಸಿಗಲಿಲ್ಲ. ಹದಿನಾಲ್ಕನೆಯ ಸಲ ಸಿಕ್ಕರು. ಅರ್ಜಿ ತೆಗೆದುಕೊಂಡರು.’

ಅಷ್ಟೇ. ನಾನು ಓದಿ, ಮಡಿಸಿ, ಪಕ್ಕಕ್ಕಿಟ್ಟು ನನ್ನ ಪ್ಯಾರಾ ಅಂಟಿಸಿದೆ.

“ಕಾಕಾ, ನಾ ಯಾವ ಶಿಬಿರಕ್ಕೂ ಹೋಗಿಲ್ಲಲ್ರಿ?”

“ಎಲ್ಲಾರೂ ಹಾಕ್ತಾರಮ್ಮ, ಯಾರೂ ಕೇಳಲ್ಲ.”

“ಮತ್ತ ನಾ ಬರದಿದ್ದು?”

“ಸಾಹೇಬ್ರು ಸಿಗ್ಲಿಲ್ಲ ಅಂತೆಲ್ಲ ಬರೀತಾರೇನಮ್ಮ? ವಕೀಲರ ಆಫೀಸಿಗೆ ಗೋಳು ಬೇಡ, ಗತ್ತು ಬೇಕು.”

“ನೀವು ತಿಳದವ್ರು” ಎಂದು ಸಹಿ ಹಾಕಿದಳು.

ಅವಳ ಕಡೆಯವರೇ ಅಲ್ಲವೇ, ಕಲ್ಯಾಣದಲ್ಲಿ ಅನುಭವ ಮಂಟಪ ಕಟ್ಟಿದವರು? ಅಲ್ಲಿ ಚಪ್ಪಲಿ ಹೊಲಿಯುವವನು ಚಪ್ಪಲಿಯ ಮಾತನ್ನೇ ಆಡಿದ, ದೋಣಿ ನಡೆಸುವವನು ದೋಣಿಯದ್ದನ್ನೇ. ಎಲ್ಲರಿಗೂ ಒಂದೇ ಪ್ಯಾರಾ ಹಂಚಲು ಬಾಗಿಲಲ್ಲಿ ನನ್ನಂಥವನೊಬ್ಬ ಕೂತಿರಲಿಲ್ಲ, ಪುಣ್ಯಕ್ಕೆ.

ವಾರದ ನಂತರ ಶರಣಮ್ಮ ಮತ್ತೆ ಬಂದಳು. ಆಫೀಸಿನ ಹಿರಿಯ ವಕೀಲೆ ಎರಡು ಅರ್ಜಿಗಳನ್ನು ಪಕ್ಕಪಕ್ಕದಲ್ಲಿ ಇಟ್ಟರಂತೆ. ಇನ್ನೊಂದು ರಿಚರ್ಡ್ಸ್ ಟೌನಿನ ಹುಡುಗನದು, ಅದೂ ನನ್ನ ಅಂಗಡಿಯಲ್ಲೇ ಟೈಪಾದದ್ದು. ಅದೇ ಶಿಬಿರ, ಅದೇ ಅಧ್ಯಯನ, ಅದೇ ಪೂರ್ಣವಿರಾಮ. ಯಾವ ಹಳ್ಳಿ ಎಂದು ಇಬ್ಬರನ್ನೂ ಕೇಳಿದರು. ಹುಡುಗ ಕಣ್ಣು ಮಿಟುಕಿಸದೆ ಒಂದು ಊರಿನ ಹೆಸರು ಹೇಳಿದ. ಇವಳು, ನಾನು ಹೋಗಿಲ್ಲ ಎಂದಳು. ಹುಡುಗನದನ್ನು ಕದ್ದವಳು ಇವಳೇ ಎಂದು ಅಲ್ಲಿಗೆ ತೀರ್ಮಾನವಾಯಿತು.

“ನನ್ನ ಹೆಸರು ಹೇಳೋದಲ್ವೇನಮ್ಮ? ಟೈಪ್ ಮಾಡಿದವನು ಹಾಕಿದ್ದು ಅಂತ?”

“ನಿಮ್ಮ ಹೆಸರು ಯಾಕ ಹೇಳ್ಲಿ ಕಾಕಾ? ಸಹಿ ಹಾಕಿದಾಕಿ ನಾನ ಅಲ್ರಿ?”

ಅದಕ್ಕಿಂತ ದೊಡ್ಡ ವಕೀಲಿ ಮಾತನ್ನು ನಾನು ಇದುವರೆಗೆ ಕೇಳಿಲ್ಲ. ನಾನೇ ಹೋಗಿ ತಪ್ಪೊಪ್ಪಿಕೊಂಡು ಬರುತ್ತೇನೆ ಎಂದು ಮಾತು ಕೊಟ್ಟೆ. ಮರುದಿನ ಇಸ್ತ್ರಿ ಶರ್ಟು ಹಾಕಿಕೊಂಡು ಆ ಆಫೀಸಿಗೆ ಹೋದೆ. ಮೇಡಂ ಮೀಟಿಂಗಿನಲ್ಲಿದ್ದರು. ಅದರ ಮರುದಿನ ಕೋರ್ಟಿನಲ್ಲಿದ್ದರು. ಮೂರನೆಯ ದಿನ ಊರಲ್ಲಿರಲಿಲ್ಲ. ನಾಲ್ಕನೆಯ ದಿನ ಅಂಗಡಿಯಲ್ಲಿ ಕೆಲಸ ಜಾಸ್ತಿಯಿತ್ತು. ಐದನೆಯ ದಿನಕ್ಕೆ ಇನ್ನೊಂದು ನೆಪ. ಅಷ್ಟರಲ್ಲಿ ರಿಚರ್ಡ್ಸ್ ಟೌನಿನ ಹುಡುಗ ಕೆಲಸಕ್ಕೆ ಸೇರಿದ ಸುದ್ದಿ ಬಂತು.

ಮೇ ತಿಂಗಳಲ್ಲೊಮ್ಮೆ ಬಸ್ಸಿನಲ್ಲಿ ಹೊರಮಾವು ದಾಟುವಾಗ ಅವಳನ್ನು ಕಂಡೆ. ತಲೆಯ ಮೇಲೆ ಸಿಂಬಿ, ಅದರ ಮೇಲೆ ಇಟ್ಟಿಗೆ. ಕತ್ತು ಮಾತ್ರ ನೆಟ್ಟಗಿತ್ತು. ನಾನು ಕಿಟಕಿಯಿಂದ ಮುಖ ತಿರುಗಿಸಿದೆ.

ಅಂದು ಬಾಷಾ ಭಾಯ್ ಹತ್ತಿರ ಎಲ್ಲವನ್ನೂ ಹೇಳಿಕೊಂಡೆ.

“ಆಫೀಸಿಗೆ ಎಷ್ಟು ಸಲ ಹೋಗಿದ್ದೆ?”

“ಮೂರು.”

ಭಾಯ್ ಹಲ್ಲಿನಲ್ಲಿ ದಾರ ಕಡಿದರು. ಚುಚ್ಚಲೂ ಇಲ್ಲ. ಚುಚ್ಚಿದ್ದರೆ ಚೆನ್ನಾಗಿತ್ತು.

ಆ ಪ್ಯಾರಾವನ್ನು ಅವತ್ತೇ ಅಳಿಸಿದೆ. ಅವಳ ಹಾಳೆ ಮಾತ್ರ ನನ್ನ ಡ್ರಾಯರಿನಲ್ಲೇ ಉಳಿಯಿತು. ಅವಳು ಕೇಳಲು ಬರಲಿಲ್ಲ, ಕೊಡಲು ನಾನೂ ಹೋಗಲಿಲ್ಲ. ಆಮೇಲೆ ಬಂದವರನ್ನೆಲ್ಲ, “ಸರಿ, ಈಗ ನಿಜ ಹೇಳಿ” ಎಂದು ಕೇಳತೊಡಗಿದೆ. ಗಿರಾಕಿಗಳು ಕಮ್ಮಿಯಾದರು.

ಕೊನೆಗೆ ಅಂಗಡಿ ಮುಚ್ಚಿ, ನಾನೇ ಒಂದು ಕಡೆ ಗುಮಾಸ್ತಿಕೆಗೆ ಅರ್ಜಿ ತುಂಬಬೇಕಾಗಿ ಬಂತು. ಹೆಸರು, ವಿಳಾಸ, ಹುಟ್ಟಿದ ದಿನ ಸರಾಗವಾಗಿ ಬಂದವು. ‘ಅನುಭವ’ ಎಂಬಲ್ಲಿ ಇಷ್ಟು ವರ್ಷ ಎಂದು ಬರೆಯಹೊರಟು ಪೆನ್ನಿನ ಕ್ಯಾಪು ಕಚ್ಚಿದೆ. ಅವಳು ಹದಿನಾಲ್ಕು ಸಲ ಹೋದವಳು. ನಿಜ ಹೇಳಬೇಕೆಂದರೆ, ನನ್ನದು ಬರೀ ಮೂರು ಸಲ.