ಹಗ್ಗದ ಕೋನ

ಬೀಶಿಯಾ ಅಕ್ಕನಿಗೆ ಆಗ ಐವತ್ತೊಂದು. ಕಾವೋಶ್ಯುಂಗ್ ಬಂದರಿನಲ್ಲಿ ಕ್ರೇನಿನ ಕೊಕ್ಕೆಗೆ ಹೊರೆ ಕಟ್ಟುವುದು ಅವಳ ಕೆಲಸ. ಅವಳು ಮುಷ್ಟಿ ಬಿಗಿದರೆ ಮೂವತ್ತು ಟನ್ ಉಕ್ಕು ನಡುಗಾಳಿಯಲ್ಲಿ ನಿಲ್ಲುತ್ತಿತ್ತು. ಕ್ರೇನಿನ ಮೇಲೆ ಕೂತು ಆ ಕೈಯನ್ನೇ ನೋಡುತ್ತ ಹನ್ನೊಂದು ವರ್ಷ ಕಳೆದವನು ನಾನು.

ಒಂದು ದಿನ ಹೊಸ ಎಂಜಿನಿಯರ್ ಅವಳಿಗೆ, "ಲೆಕ್ಕ ನನಗೆ ಬಿಡಮ್ಮ, ನೀನು ಗಂಟು ಹಾಕು" ಅಂದ.

"ಗಂಟು ಹಾಕೋ ಕೈ ಲೆಕ್ಕ ಹಾಕಬಾರದು ಅಂತ ಎಲ್ಲಿ ಬರೆದಿದೆ?" ಅಂದಳು. ಆ ವರ್ಷವೇ ಭಾನುವಾರದ ಕಾಲೇಜು ಸೇರಿದಳು. ಅವಳ ಹಿಂದೆ ನಾನೂ.

ಬಲವಿಜ್ಞಾನದ ಪುಸ್ತಕಕ್ಕೆ ಹಳೆಯ ಮಳೆಯಂಗಿಯ ಹಳದಿ ಹೊದಿಕೆ. ಮಧ್ಯಾಹ್ನ ಮೀನಿನ ಗಂಜಿ ಉಣ್ಣುತ್ತಲೇ ಓದುತ್ತಿದ್ದಳು. ಪುಟಪುಟಕ್ಕೂ ಗ್ರೀಸಿನ ಹೆಬ್ಬೆರಳ ಗುರುತು. ಒಂದು ವಸ್ತುವನ್ನು ಸುತ್ತಲಿನದರಿಂದ ಬಿಡಿಸಿಕೊಂಡು ಅದರ ಮೇಲಿನ ಬಲಗಳನ್ನಷ್ಟೇ ಬಾಣಗಳಾಗಿ ಬರೆಯುವ ಪಾಠ ಅವಳಿಗೆ ಬಲು ಇಷ್ಟ.

"ನೋಡೋ, ಸುತ್ತ ಇದ್ದೋರನ್ನೆಲ್ಲ ಅಳಿಸಿಬಿಡೋದು. ಅವರು ಕೊಟ್ಟ ಏಟು ಮಾತ್ರ ಉಳಿಸಿಕೊಳ್ಳೋದು. ನನ್ನ ಮದುವೆ ಕಥೆನೇ ಇದು."

ಮೊದಲ ವರ್ಷ ಆ ವಿಷಯದಲ್ಲಿ ಇಬ್ಬರೂ ಫೇಲಾದೆವು. ಎರಡನೆಯ ಸಲವೂ ಫೇಲಾದರೆ ಕಾಲೇಜಿನಿಂದ ಹೆಸರು ತೆಗೆಯುತ್ತಾರೆ. ಪಾಸಾಗಲು ಅರವತ್ತು ಅಂಕ ಬೇಕು. ಎರಡನೆಯ ಸಲ ಅವಳಿಗೆ ಐವತ್ತನಾಲ್ಕು, ನನಗೆ ನಲವತ್ತೊಂಬತ್ತು.

ಹತ್ತು ಅಂಕದ ಒಂದು ಪ್ರಶ್ನೆಯಲ್ಲಿ ನಮ್ಮಿಬ್ಬರಿಗೂ ಸೊನ್ನೆ: ಎರಡು ಟನ್ ಹೊರೆ, ಎರಡು ಹಗ್ಗ, ಹಗ್ಗದ ಕೋನ ಮೂವತ್ತು ಡಿಗ್ರಿ. ಒಂದೊಂದು ಹಗ್ಗದ ಸೆಳೆತ ಎಷ್ಟು? ಬಂದರಿನಲ್ಲಿ ಹಗ್ಗದ ಕೋನ ಎಂದರೆ ಕೊಕ್ಕೆಯ ಕೆಳಗೆ ಎರಡು ಹಗ್ಗಗಳ ನಡುವಿನ ಸಂದು. ಹಾಗೆ ಅಳೆದು, ಒಂದು ಟನ್ನಿಗಿಂತ ಕೂದಲೆಳೆ ಹೆಚ್ಚು ಎಂದು ಬರೆದಿದ್ದೆವು. ಆ ಪಾಠ ಹೇಳುತ್ತಿದ್ದ ತ್ಯಾನ್ ಮೇಷ್ಟ್ರು ನೆಲಮಟ್ಟದಿಂದ ಅಳೆದಿದ್ದರು. ಅವರ ಉತ್ತರ ಎರಡು ಟನ್.

ಅಕ್ಕ ಉತ್ತರಪತ್ರಿಕೆ ಹಿಡಿದು ಅವರ ಕೋಣೆಗೆ ಹೋದಳು. ನಾನು ಬಾಗಿಲಲ್ಲಿ ನಿಂತೆ.

"ಯಾವುದರ ಜೊತೆ ಮೂವತ್ತು ಅಂತ ನೀವು ಬರೆದಿಲ್ಲ, ಸರ್."

"ಪುಸ್ತಕ ಓದಿದೋರಿಗೆ ಗೊತ್ತಾಗುತ್ತೆ."

"ಹಗ್ಗ ಕಟ್ಟಿದೋರಿಗೆ ಬೇರೆ ಗೊತ್ತಾಗುತ್ತೆ. ಒಂದು ಟನ್ನಿನ ಹಗ್ಗಕ್ಕೆ ಎರಡು ಟನ್ ಬಿದ್ದರೆ ಕೆಳಗೆ ನಿಂತೋರು ನಾವು. ನೀವಲ್ಲ."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. "ಈ ವಯಸ್ಸಲ್ಲಿ ಇಷ್ಟು ಕಷ್ಟ ಯಾಕಮ್ಮ? ಅರವತ್ತು ಹಾಕಿಬಿಡ್ತೀನಿ. ಹೋಗಿ ಬನ್ನಿ."

ನಾನು ಹಿಂದಿನಿಂದ ಅವಳ ತೋಳು ಜಗ್ಗಿದೆ. ಅವಳು ಕೊಡವಿದಳು.

"ನನ್ನ ವಯಸ್ಸಿಗೆ ಮಾರ್ಕು ಬೇಡ ಸರ್. ಉತ್ತರ ಸರಿ ಅಂತ ಕೊಡಿ, ಇಲ್ಲ ಇನ್ನೊಂದು ಪರೀಕ್ಷೆ ಕೊಡಿ."

ಮುಂದಿನ ಭಾನುವಾರ ಮರುಪರೀಕ್ಷೆ. ಫೇಲಾದವರು ಒಂಬತ್ತು ಜನ ಕೂತಿದ್ದೆವು. ಬೋರ್ಡಿನ ಮೇಲೆ ಮೂರನೆಯ ಪ್ರಶ್ನೆ: ಹಗ್ಗದ ಕೋನ ನಲವತ್ತು ಡಿಗ್ರಿ. ಯಾವುದರ ಜೊತೆ ಎಂಬುದು ಈ ಸಲವೂ ಇಲ್ಲ. ನಾನು ತಲೆ ತಗ್ಗಿಸಿ ಮೇಷ್ಟ್ರ ಲೆಕ್ಕವನ್ನೇ ಮಾಡಿದೆ.

ಅಕ್ಕ ಎರಡು ಚಿತ್ರ ಬರೆದಳು, ಎರಡು ಉತ್ತರ. ಕೆಳಗೆ ಒಂದು ಸಾಲು: "ಯಾವ ಕೋನ ಅಂತ ಹೇಳುವ ತನಕ ನಾನು ಹೊರೆ ಎತ್ತಿಸುವುದಿಲ್ಲ." ಎಲ್ಲರಿಗಿಂತ ಮೊದಲು ಎದ್ದು ಕಾಗದವನ್ನು ಮೇಜಿನ ಮೇಲಿಟ್ಟು ಅಲ್ಲೇ ನಿಂತಳು.

"ಒಂದು ಪ್ರಶ್ನೆಗೆ ಎರಡು ಉತ್ತರ ಇದ್ದರೆ ಸೊನ್ನೆ. ಅದು ನಿಯಮ," ಅಂದರು ಮೇಷ್ಟ್ರು.

"ಗೊತ್ತು, ಸರ್."

"ಹೆಸರು ತೆಗೀತಾರೆ."

"ತೆಗೀಲಿ. ನಾಳೆ ಬೆಳಗ್ಗೆ ಬಂದರಲ್ಲಿ ಕೂಗೋದು ನನ್ನ ಹೆಸರನ್ನೇ."

ಯಾರೋ ಕಿಸಕ್ಕನೆ ನಕ್ಕರು. ಮೇಷ್ಟ್ರು ಎರಡು ಚಿತ್ರಗಳನ್ನೂ ಬಹಳ ಹೊತ್ತು ನೋಡಿದರು. ಆಮೇಲೆ ಎದ್ದು, ಸೀಮೆಸುಣ್ಣ ತೆಗೆದುಕೊಂಡು, ಮೂರನೆಯ ಪ್ರಶ್ನೆಯ ಸಾಲುಗಳ ನಡುವೆ ಇಕ್ಕಟ್ಟಾಗಿ ಬರೆದರು: 'ನೆಲಮಟ್ಟದೊಂದಿಗೆ.'

ಅಕ್ಕ ಅವರ ಮೇಜಿನ ಪೆನ್ನನ್ನೇ ಎತ್ತಿಕೊಂಡಳು. ಹಗ್ಗಗಳ ನಡುವೆ ಅಳೆದ ಚಿತ್ರಕ್ಕೆ ಅಡ್ಡಗೆರೆ ಎಳೆದು ಕಾಗದವನ್ನು ಅವರತ್ತ ತಿರುಗಿಸಿಟ್ಟಳು.

ಅವಳಿಗೆ ಎಪ್ಪತ್ತೊಂದು ಬಂತು.